ಬೆಟಗೇರಿ ಆನ್‌ಲೈನ್ ಸೆಂಟರ್

ಗಾಳೆಪ್ಪ ಭಜಂತ್ರಿ
ಸನಾದಿ ಚೀಲ ತೊಡಿ ಮ್ಯಾಲಿಟ್ಟು ಕುಂತಾನ.
ಮಸ್ಕತ್ತಿನ ವೀಸಾ ಫಾರಂ
ನಾ ತುಂಬಾಕತ್ತೀನಿ.

ಉದ್ಯೋಗ?
ಊದೋದು.
ಪಟ್ಟಿಯೊಳಗ ಊದೋದಿಲ್ಲ. 'ಇತರೆ' ಒತ್ತಿದೆ.

ಕಲಾವಿದ ಅನ್ನೋದಕ್ಕ ಪುರಾವೆ ಬೇಕಂತ.
ಮೂವತ್ತು ವರ್ಷದ ಮಂದಿ ಮದುವಿ ಫೋಟೋದಾಗ
ಅರ್ಧ ಮೊಣಕೈ, ರುಮಾಲಿನ ಒಂದು ತುದಿ,
ಅಷ್ಟ ಅಂವ.

"ಹೊಳ್ಳಿ ಬರ್ತಿ ಅನ್ನೋದಕ್ಕ ಏನೈತಿ ಕಾಕಾ?
ಹೊಲ? ಮನಿ?"

ಸುಮ್ಮನಾದ.
ಚೀಲ ಬಿಚ್ಚಿ, ಒಣ ಪೀಪಿ ತಗದು
ನಾಲಿಗಿ ಮ್ಯಾಲಿಟ್ಟು ನೆನಸಿದ.
"ಇದು ನಮ್ಮ ಹಳ್ಳದ ಜೊಂಡಿಂದವ್ವಾ.
ಹದಿನೈದು ದಿನಕ್ಕ ಸೀಳತೈತಿ."

ಅದಕ್ಕ ಕಾಲಂ ಇರಲಿಲ್ಲ.
ತೊಯ್ದ ಪೀಪಿ ಇಸಕೊಂಡು
ಸ್ಕ್ಯಾನರಿನ ಗಾಜಿನ ಮ್ಯಾಲಿಟ್ಟು
ಮೆಲ್ಲಕ ಮುಚ್ಚಳ ಹಾಕಿದೆ.