ಸುಣ್ಣದ ಲೆಕ್ಕ

ಇತಿಹಾಸ ಬೇಕೇನ್ರಿ?
ನನ್ನ ಕಡೆ ಇರೂದು ಸುಣ್ಣದ ಲೆಕ್ಕ.
ನೀಲಿ ರಟ್ಟಿನ ವಹಿ, ಒಂದು ಮೂಲಿ ಇಲಿ ತಿಂದೈತಿ,
ಉಳಿದದ್ದು ಓದಿ ಹೇಳ್ತೀನಿ, ಬರಕೊಳ್ರಿ.

ಮೊದಲನೇ ವರ್ಷ ಹನ್ನೊಂದು ಚೀಲ.
ಮೂರು ನಾನ ಹಾಳು ಮಾಡಿದ್ದು:
ರೂಢಿ ಪ್ರಕಾರ ಮೈದಾನದ ನಟ್ಟನಡುವ
ದುಂಡಗ ಗೆರಿ ಎಳದು ನಿಂತಿದ್ದೆ.
ಧಾಮಧೆರೆ ಸರ್ ನಕ್ಕೋತ ಬಂದ್ರು:
ಸಾಯಬಣ್ಣ, ಈ ಆಟದಾಗ ದುಂಡಂದು ಏನೂ ಇಲ್ಲೋ,
ಚೆಂಡು ಸೈತ.
ಕೈಯಾಗ ಇಟ್ರು. ಎರಡೂ ತುದಿ ಚೂಪು,
ತೊಗಲಿನ್ಯಾಗ ಹೊಲದ ಕರಿಗಡಬು.
ನೂರು ಗಜ ಉದ್ದ, ಐದೈದು ಗಜಕ್ಕ ಒಂದು ಅಡ್ಡಗೆರಿ.
ಎಳದು ಮುಗಸೂದ್ರಾಗ ರೆಪ್ಪಿ ಮ್ಯಾಲೆಲ್ಲ ಸುಣ್ಣ,
ಹುಡುಗೂರು ನನ್ನ ಮುದುಕ ಅಂತ ಕರದದ್ದು ಅವತ್ತಿಂದ.
ಮೂವತ್ತೆರಡು ನನಗಾಗ.

ಅಮೇರಿಕಾದ ಆಟ ಪುಣೆಕ್ಕ ಯಾಕಂತ ಕೇಳಬ್ಯಾಡ್ರಿ.
ಸರ್ ಅಲ್ಲಿ ಎರಡು ವರ್ಷ ಓದಿದ್ರಂತ,
ಬೆಂಚಿನ ಮ್ಯಾಲ ಕುಂತ ಕುಂತಿದ್ರಂತ,
ಒಂದು ದಿನಾನೂ ಕಣಕ್ಕ ಇಳಿಸಲಿಲ್ಲಂತ.
ಅದಕ್ಕ ಇರಬೇಕು ಆ ನಿಯಮ:
ಎಂಟುನೂರಕ್ಕಿಂತ ಕಡಿಮಿ ಹುಡುಗರಿರೂ ಕಾಲೇಜಿಗೆ ಮಾತ್ರ.

ನಾಕು ಬಂದವು. ಖಡಕಿಯ ಸಂಜಿ ಕಾಲೇಜು,
ಸಾಸವಡದ ಕಾಮರ್ಸು, ಭೋರದ ಕೃಷಿ,
ವಾನವಡಿಯ ಅಡಗಿ ಕಲಿಯೂ ಹುಡುಗೂರು,
ಉಳ್ಳಾಗಡ್ಡಿ ವಾಸನಿ ಹೊತಗೊಂಡು.
ಹೆಲ್ಮೆಟ್ಟು ಇದ್ದದ್ದು ಇಪ್ಪತ್ತೆರಡು.
ಸೋತವರ ಬೆವರಿನ ಬಿಸಿ ಆರೂದ್ರಾಗ
ಮುಂದಿನವರ ತಲಿ ಅದರಾಗ.
ಭುಜದ ಕವಚ ನಾನಾ ಪೇಠದ ಗಾದಿಯವ ಹೊಲದ, ಹತ್ತಿ ತುಂಬಿ.
ಕಪ್ಪು ಅಂದ್ರ ತಾಂಬಟ ಆಳಿಯ ತಾಮ್ರದ ಹಂಡೆ,
ಸುತ್ತಿಗಿ ಪೆಟ್ಟು ಒಂದೊಂದೂ ಎಣಿಸಬಹುದಿತ್ತು.

ಮೂರನೇ ವರ್ಷ ಹದಿನಾಕು ಚೀಲ, ಎಲ್ಲಾ ನೀರುಪಾಲು.
ಫೈನಲ್ಲಿನ ದಿನ, ಜನವರಿಯಾಗ, ಮಳಿ.
ಖಡಕಿ ನಾಕು ಅಂಕ ಹಿಂದ, ಕಡೀ ಸಲದ ಓಟ,
ಥಂಗ್ಜಾಮ್ ನಾವೋಬಾ, ಹಗಲೆಲ್ಲ ಏಟಿಎಂ ಕಾಯೂ ಹುಡುಗ,
ಚೆಂಡು ಎದಿಗವಚಿ ಆರು ಮಂದಿ ಕೆಳಗ ಬಿದ್ದ.
ಗೆರಿ ಎಲ್ಲೈತಿ? ಗೆರಿ ಹರಕೊಂಡು ಹೋಗಿತ್ತು.
ಪಂಚರು ನನ್ನ ಕರದ್ರು: ಎಳದಂವ ನೀನ, ನೀನ ಹೇಳು.
ನಾ ಕೆಸರಾಗ ಕಾಲಿಟ್ಟೆ. ಇಲ್ಲಿ, ಅಂದೆ.
ಚೆಂಡು ಒಂದು ಗೇಣು ಹಿಂದಿತ್ತು.

ಇದು ವಹಿಯಾಗಿಲ್ಲ. ಬರಕೊಬ್ಯಾಡ್ರಿ.

ಐದನೇ ವರ್ಷ ಸಾಸವಡಕ್ಕ ಕಂಪ್ಯೂಟರ್ ಕೋರ್ಸು ಬಂತು,
ಹಾಜರಿ ಎಂಟುನೂರಾ ಮೂರು.
ಪ್ರಿನ್ಸಿಪಾಲರು ಪೇಢಾ ಹಂಚಿದ್ರು,
ತಂಡ ಗೇಟಿನ ಹೊರಗ ನಿಂತು ಅತ್ತಿತು.
ನಾಕು ಮಂದಿ ಫೀ ನಾವ ವಾಪಸ ಕೊಡ್ತೀವಿ, ಹೆಸರು ಕಡೀರಿ,
ಅಂತ ಒಬ್ಬ ಕೂಗಿದ.
ಆರನೇ ವರ್ಷ ಹತ್ತು ಚೀಲ.
ಏಳನೇದಕ್ಕ ಎಂಟ, ಗೆರಿ ಸಣ್ಣ ಮಾಡಿದೆ.
ಒಂಬತ್ತನೇ ವರ್ಷ ಭೋರದವರೊಬ್ಬರ ಬಂದ್ರು.
ಹದಿನಾರು ಮಂದಿ. ಅರ್ಧ ಜನ
ಅಂಗಿ ಒಳಮೈ ಹೊರಗ ಮಾಡಿ ತೊಟ್ಟು,
ತಮ್ಮ ಕೂಡ ತಾವ ಆಡಿದ್ರು, ಪೂರ್ತಿ ಹೊತ್ತು.
ಗೆದ್ದವರು ಭೋರ. ಸೋತವರು ಭೋರ. ನಾನ ಬರದದ್ದು.
ಹಂಡೆದಾಗ ಅವರ ಹಾಸ್ಟೆಲಿನವರು ಈಗ
ತೊಗರಿ ಬ್ಯಾಳಿ ಇಡ್ತಾರಂತ.

ಮೈದಾನ ಈಗ ಮದವಿ ಲಾನು.
ಬ್ಯಾಸಿಗ್ಯಾಗ ನೀರು ಕಡಿಮಿ ಬಿದ್ರ ನೋಡ್ರಿ,
ಸುಣ್ಣ ಕುಡದ ಕಡೆ ಹುಲ್ಲಿನ ಬಣ್ಣ ಬ್ಯಾರೆ, ಐದೈದು ಗಜಕ್ಕ.
ಹೋದ ಏಪ್ರಿಲದಾಗ ಯಾರದೋ ಮದವಿಗೆ ಹೊಕ್ಕು
ಆ ಕಡೀ ಗೆರಿ ಹುಡುಕಿದೆ.
ಅದರ ಮ್ಯಾಲ ಜಿಲೇಬಿ ಮೇಜು.
ಸರಸ್ರಿ ಅನ್ನಲಿಕ್ಕೆ ಬಾಯಿ ಬರಲಿಲ್ಲ.
ತಾಟು ಹಿಡದು ನಿಂತೆ,
ಮೇಜಿನ ಬಟ್ಟಿ ಕೆಳಗ ಒಂದು ಪಾದ ಸರಿಸಿ.

ಕಡೀ ಪುಟದಾಗ ಆರು ಚೀಲದ ರೊಕ್ಕ ಬಾಕಿ ಐತಿ.
ಅದನ್ನ ಬೇಕಾದ್ರ ಬರಕೊಳ್ರಿ.