ಕ್ರಿಯಾಪದದ ಬಾಲ

ಇಟಲಿಯ ಮಾತಿಗೂ ನಮ್ಮ ಮಾತಿಗೂ ಒಂದು ನಂಟಿದೆ:
ಎರಡಕ್ಕೂ ಕರ್ತೃ ಬೇಕೇಬೇಕೆಂದಿಲ್ಲ.
ಕ್ರಿಯಾಪದದ ಬಾಲ ಹಿಡಿದರೆ ಸಾಕು,
ಹೋದವರು ಒಬ್ಬರೋ ಹಲವರೋ ಗೊತ್ತಾಗುತ್ತದೆ.

ವಿರಾಜಪೇಟೆಯ ತೆಲುಗರ ಬೀದಿಯ ಮಹಡಿಯಲ್ಲಿ
ಎರಡು ಕಾದಂಬರಿ ಇಟ್ಟುಕೊಂಡು ಕೂತಿದ್ದೇನೆ,
ಆ ದೇಶದವೇ ಎರಡೂ, ನಡುವೆ ಹತ್ತು ವರ್ಷ.
ಮೊದಲನೆಯದರಲ್ಲಿ ಹುಡುಗರಿಗೆಲ್ಲ ಒಂದೇ ಗಂಟಲು:
ಬೀದಿಗಿಳಿದೆವು, ಗೋಡೆಗೆ ಬರೆದೆವು,
ಒಂದೇ ಸಿಗರೇಟನ್ನು ಏಳು ಬಾಯಿ ಸೇದಿದೆವು.
ಎರಡನೆಯದರಲ್ಲಿ ಬಾಡಿಗೆ ಕೋಣೆ, ಒಬ್ಬ,
ಇಡೀ ಅಧ್ಯಾಯ ಶೂ ಲೇಸು ಕಟ್ಟುತ್ತಾನೆ.
ಉಳಿದ ಆರು ಬಾಯಿ ಏನಾದವು?
ಹಿಂದೆ ಮುಂದೆ ತಿರುವಿ ಹುಡುಕಿದೆ.

ನಮ್ಮದೂ ಒಂದಿತ್ತು.
ಕಾಫಿ ಡಿಪೋದ ಹಳೇ ಲೆಜ್ಜರಿನಲ್ಲಿ
ಚೆರಿ, ಪಾರ್ಚ್‌ಮೆಂಟ್, ಮೂಟೆ ಎಂಬ ಕಲಂಗಳಿಗೆ ಅಡ್ಡಲಾಗಿ
ನಾಲ್ಕು ಕೈಬರಹದ ಕಾದಂಬರಿ.
ಲೀನಸ್, ಹಂಸ, ಪೂವಮ್ಮ, ನಾನು.
ಯಾರು ಬರೆದರೂ ‘ನಾವು’.
‘ನಾನು’ ಅಂತ ಬರೆದು ಸಿಕ್ಕಿಬಿದ್ದರೆ ದಂಡ:
ಗಡಿಯಾರ ಕಂಬದ ಎದುರು ಎಲ್ಲರಿಗೂ ಚಹಾ.
ಹಂಸ ಮೂರು ಸಲ ಕೊಡಿಸಿದ.
ಯಾರನ್ನೋ ಹಚ್ಚಿಕೊಂಡಿದ್ದ.

ಮಾಕುಟ್ಟದ ಘಾಟಿಯಲ್ಲಿ ಲ್ಯಾಂಬ್ರೆಟ್ಟಾ ಕೆಟ್ಟಾಗ
ಪೆರುಂಬಾಡಿಯವರೆಗೆ ತಳ್ಳಿದೆವು, ಅಂತಿದೆ ಅದರಲ್ಲಿ.
ತಳ್ಳಿದ್ದು ಪೂವಮ್ಮ.
ನಾನು ಅವಳ ಕನ್ನಡಕ ಹಿಡಿದುಕೊಂಡು ಹಿಂದೆ ಬಂದೆ.

ಈ ಸಂಜೆ ಪೆನ್ಸಿಲು ಚೂಪು ಮಾಡಿ
ಬಾಲ ಕತ್ತರಿಸುತ್ತ ಹೋದೆ.
ಓದಿದೆವು. ಓದಿದೆ.
ನಕ್ಕೆವು. ನಕ್ಕೆ.
ಒಂದು ಗೀಟಿಗೆ ಮೂರು ಜನ ಉದುರಿದರು.
ಹೆದರಲಿಲ್ಲ
ಎಂಬಲ್ಲಿ ಕೈ ನಿಂತಿತು. ಅದಕ್ಕೆ ಬಾಲವೇ ಇಲ್ಲ,
ಯಾರು ಬೇಕಾದರೂ ಹೆದರದೆ ಇರಬಹುದು.

ನಲವತ್ತೊಂದನೇ ಪುಟದಲ್ಲಿ
ನನಗಿಂತ ಮೊದಲೇ ಯಾರೋ ಗೀಟು ಹಾಕಿದ್ದಾರೆ.
ಹಸಿರು ಶಾಯಿ. ಲೀನಸನ ಅಪ್ಪನ ಆಫೀಸಿನ ಪೆನ್ನು.
ಎಂಬತ್ತಮೂರರ ಡಿಸೆಂಬರು.
‘ಮಲೆತಿರಿಕೆ ಬೆಟ್ಟದಲ್ಲಿ ಬೆಳಗಿನವರೆಗೆ ಕೂತಿದ್ದೆವು’
ಎಂಬಲ್ಲಿ ‘ವು’ ಒಂದನ್ನೇ ಹೊಡೆದಿದ್ದಾನೆ,
ಕೂದಲೆಳೆಯಷ್ಟು ತೆಳ್ಳಗೆ.
ಎದುರು ಪುಟ ಬರೆದವಳು ನಾನೇ.

ಆ ರಾತ್ರಿ ನಾವ್ಯಾರೂ ಬೆಟ್ಟ ಹತ್ತಿರಲಿಲ್ಲ.
ಓದಿ ಓದಿ, ಹತ್ತಿದ ಹಾಗೇ ನೆನಪು ನನಗೆ,
ಚಳಿ ಕೂಡ.

ಮಾರನೆಯ ದಿನ ಅವನ ಸ್ವೆಟರಿನ ತುಂಬ
ಉತ್ತರಾಣಿ ಮುಳ್ಳು.
ಮೂವರೂ ಸುತ್ತ ಕೂತು
ಉಲ್ಲನ್ ಎಳೆ ಹರಿಯದ ಹಾಗೆ
ಒಂದೊಂದಾಗಿ ಬಿಡಿಸಿದೆವು.
ಕೇಳಲಿಲ್ಲ.