ಕಣ್ಣಿಗೆ ಹನಿ

ಗದಗಿನ ಸ್ಟೇಶನ್ ರಸ್ತೆ, ನನ್ನ ಔಷಧದಂಗಡಿ.
ಕಟ್ಟೆಗೆ ಮೊಣಕೈ ಊರಿ ದಾವಲಬಿ:
"ಬೆರಳಷ್ಟ ಬಾಟ್ಲಿ, ಇಷ್ಟ್ಯಾಕ ತುಟ್ಟಿ?"

ಇಪ್ಪತ್ತಾರು ವರ್ಷ ಜಿನ್ನಿನ ಧೂಳು ಕುಡಿದು
ಬತ್ತಿದ ಕಣ್ಣು.

ಚೀಟಿಯ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್
ನನ್ನ ನಾಲಗೆಗೂ ತೊಡರು. "ಅರಳೀನ ಬೇ ಇದು,
ನೀರಾಗ ಕರಗೂಹಂಗ ಮಾಡ್ಯಾರ."

"ಯಾರಿಗೆ ಹೇಳ್ತಿ? ಮಳಿಗೆ ತೊಯ್ದ ಅಂಡಿಗಿ ಎತ್ತೇನಿ.
ಭಾರ ಆಕ್ಕೈತಿ, ಕರಗೂದಿಲ್ಲ."

ಖರೇ. ತೊಯ್ದಷ್ಟೂ ಬಿಗಿಯುವ ನೂಲು,
ಎಮ್ಮೆಗೆ ಹಾಲು, ನಮ್ಮ ಹೊಟ್ಟೆಗೆ ಬರೀ ನಾರು;
ಯಾವ ಕ್ಷಾರಕ್ಕೆ, ಯಾವ ಆಮ್ಲಕ್ಕೆ ಸೋತು
ಹೀಗೆ ಕಣ್ಣೀರಾಯಿತೋ.

ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿದಳು. ಒಂದು ಹನಿ.
ರೆಪ್ಪೆಗಿನ್ನೂ ಒಂದು ಬಿಳಿ ಎಳೆ.

"ತಂಪೈತಿ," ಸೆರಗಿನ ತುದಿಗೆ ಬಾಟ್ಲಿ ಗಂಟಿಕ್ಕುತ್ತ,
"ಹಂಗಾರ ಇದ್ರಾಗ ನನ್ನ ಕೂಲೀನೂ ಐತಿ.
ಮುರಕೊಂಡು ಹೇಳ, ರೊಕ್ಕೆಷ್ಟು."